ಉರ್ದು ಮಾಧ್ಯಮದ ಜೂನಿಯರ್‌ಗಳಿಗೆ ಬಾರ್ ಪರೀಕ್ಷೆ ತಯಾರಿ

ಸರ್, ಯಾದಗಿರಿಯಲ್ಲಿ ನಿಮ್ಮ ಹತ್ತಿರ ಇರುವ, ಉರ್ದು ಮಾಧ್ಯಮದಲ್ಲಿ ಓದಿದ ಇಬ್ಬರು ಜೂನಿಯರ್‌ಗಳನ್ನು ಎಐಬಿಇಗೆ (ವಕೀಲಿಕೆ ಮಾಡೋಕೆ ಪಾಸಾಗಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆ) ಹೇಗೆ ತಯಾರು ಮಾಡೋದು ಅಂತ ಕೇಳಿದ್ದೀರಿ. ದಪ್ಪ ಗೈಡ್ ಪಕ್ಕಕ್ಕಿಡಿ. ಟಿಪ್ಪಣಿ ಇಲ್ಲದ ಬೇರ್ ಆಕ್ಟ್ (ಕಾಯ್ದೆಯ ಮೂಲ ಪಠ್ಯ ಮಾತ್ರ ಇರುವ ಪುಸ್ತಕ) ಪರೀಕ್ಷಾ ಕೊಠಡಿಯೊಳಗೆ ಒಯ್ಯಬಹುದು, ಹಾಗಾಗಿ ಬಾಯಿಪಾಠಕ್ಕಿಂತ ಸೆಕ್ಷನ್ ಬೇಗ ಹುಡುಕೋದು ಮುಖ್ಯ. ಸಂಜೆ ಕೋರ್ಟ್ ಮುಗಿದ ಮೇಲೆ ಒಂದೊಂದೇ ಪ್ರಶ್ನೆ ಕೇಳಿ, ಅವರು ಪುಟ ತೆರೆದು ಬೆರಳಿಟ್ಟು ತೋರಿಸಲಿ. ಎಫ್‌ಐಆರ್ ಅಂದ ತಕ್ಷಣ ಕೈ ಹಳೇ ಸಿಆರ್‌ಪಿಸಿಯ (ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 154ಕ್ಕೆ ಹೋಗುತ್ತೆ, 2024ರ ಜುಲೈಯಿಂದ ಅದು ಅದರ ಜಾಗಕ್ಕೆ ಬಂದ ಹೊಸ ಕಾಯ್ದೆಯಾದ ಬಿಎನ್‌ಎಸ್‌ಎಸ್ 173 ಅಲ್ವಾ, ಈ ಅಭ್ಯಾಸ ಬದಲಾಗೋಕೆ ಟೈಮ್ ಬೇಕು.

ಸಂವಿಧಾನ, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ), ಮೂರು ಕ್ರಿಮಿನಲ್ ಕಾಯ್ದೆಗಳು, ಇವುಗಳಿಂದಲೇ 100ರಲ್ಲಿ 46 ಪ್ರಶ್ನೆ. ಪಾಸಾಗೋಕೆ ಬೇಕಿರೋದು ಶೇ 45. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಒಂದನ್ನೂ ಖಾಲಿ ಬಿಡಬಾರದು.

ಅವರಿಗೆ ಕಾನೂನು ಗೊತ್ತಿಲ್ಲ ಅಂತಲ್ಲ ಸರ್, ಇಂಗ್ಲಿಷ್ ವಾಕ್ಯ ಉದ್ದ ಆದ್ರೆ ಗಾಬರಿ. ವಿಷಯವನ್ನು ಮೊದಲು ಉರ್ದುವಿನಲ್ಲೇ ಹೇಳೋಕೆ ಬಿಡಿ, ಆಮೇಲೆ ಸೆಕ್ಷನ್ ಓದಿಸಿ.

ಇನ್ನೊಂದು, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯಲ್ಲಿ ಕಾನೂನು ಪದವೀಧರರಿಗೆ ಶಿಷ್ಯವೇತನ ಇದೆ. ದುಡ್ಡಿನ ಚಿಂತೆಗೇ ಎಷ್ಟೋ ಒಳ್ಳೆಯ ಹುಡುಗರು ಕೋರ್ಟ್ ಬಿಡುತ್ತಾರೆ, ಅರ್ಜಿ ಕರೆದಿದ್ದಾರಾ ಅಂತ ಜಿಲ್ಲಾ ಕಚೇರಿಯಲ್ಲಿ ನೀವೇ ಒಮ್ಮೆ ವಿಚಾರಿಸಿ.