ಟ್ರೇಲರಿಗೆ ಡಿಸ್ಕ್ ಬ್ರೇಕ್? ಈ ವರ್ಷ ಬೇಡ

ಡೆನ್ವರ್‌ಗೆ ಬಂದು ವರ್ಷ ತುಂಬಿಲ್ಲ, ಆಗಲೇ ಹಳೇ ಟ್ರಾವೆಲ್ ಟ್ರೇಲರ್ (ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಗಾಡಿ) ಕೊಂಡಿದ್ದೀರಿ. ಭೇಷ್! ಅದರ ಎಲೆಕ್ಟ್ರಿಕ್ ಡ್ರಮ್ ಬ್ರೇಕ್ ತೆಗೆಸಿ ಹೈಡ್ರಾಲಿಕ್ ಡಿಸ್ಕ್ ಹಾಕಿಸಲಾ ಅಂತ ಕೇಳಿದ್ದೀರಿ. ಈ ವರ್ಷ ಬೇಡ.

ಡಿಸ್ಕ್ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಡೆನ್ವರ್‌ನಿಂದ ಪಶ್ಚಿಮದ ಬೆಟ್ಟಗಳಿಗೆ ಹೋಗುವ ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಎತ್ತರದಲ್ಲಿದೆ. ದಾಟಿದ ಮೇಲೆ ಮೈಲಿಗಟ್ಟಲೆ ಇಳಿಜಾರು. ಡ್ರಮ್ಮಿನಲ್ಲಿ ಶೂ (ಉಜ್ಜಿ ಚಕ್ರ ನಿಲ್ಲಿಸುವ ಬಾಗಿದ ಪಟ್ಟಿ) ಒಳಗೇ ಉಜ್ಜುತ್ತದೆ, ಬಿಸಿ ಬೇಗ ಹೊರಗೆ ಹೋಗುವುದಿಲ್ಲ. ಡ್ರಮ್ ಕಾದು ಹಿಗ್ಗಿದರೆ ಹಿಡಿತ ಕಮ್ಮಿ. ಡಿಸ್ಕಿಗೆ ಗಾಳಿ ತಾಗುತ್ತದೆ, ಬೇಗ ಆರುತ್ತದೆ.

ಆದರೆ ಹೆಸರಿಗೆ ಹೈಡ್ರಾಲಿಕ್, ಅದಕ್ಕೂ ಕರೆಂಟ್ ಬೇಕು. ಟ್ರೇಲರಿನ ಮೂತಿ ಹತ್ತಿರ ಬ್ಯಾಟರಿಯಿಂದ ಓಡುವ ಪಂಪ್ ಕೂರಿಸಬೇಕು. ಅದು ಬ್ರೇಕ್ ಆಯಿಲನ್ನು ಸುಮಾರು 1,600 ಪಿಎಸ್‌ಐ ಒತ್ತಡದಲ್ಲಿ, ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರಿಗೆ ತಳ್ಳುತ್ತದೆ. ಪಂಪ್, ಪೈಪು, ಕ್ಯಾಲಿಪರ್, ಕೂಲಿ ಸೇರಿ ಎರಡು ಆಕ್ಸಲ್‌ಗೆ 2,000 ಡಾಲರ್ ಸುಲಭವಾಗಿ ದಾಟುತ್ತದೆ. ಟ್ರೇಲರಿನ ಬ್ರೇಕ್ ನಡೆಸುವ ನಿಮ್ಮ ಟ್ರಕ್ಕಿನ ಕಂಟ್ರೋಲರ್ ಆ ಪಂಪಿಗೆ ಹೊಂದುತ್ತದಾ ಅಂತಲೂ ನೋಡಬೇಕು, ಕೆಲವು ಹೊಂದುವುದಿಲ್ಲ.

ಮೊದಲು ಇರೋ ಡ್ರಮ್ ಬಿಚ್ಚಿ ನೋಡಿ. ನನ್ನ ಎಡವಟ್ಟು ಹೇಳುತ್ತೇನೆ. ಬೇರಿಂಗಿಗೆ ಗ್ರೀಸ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂದುಕೊಂಡು ಗನ್ ಒತ್ತಿದ್ದೇ ಒತ್ತಿದ್ದು. ಹಿಂದಿನ ಸೀಲ್ ದಾಟಿ ಗ್ರೀಸೆಲ್ಲ ಶೂ ಮೇಲೆ. ಬಿಚ್ಚಿದರೆ ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ ಮಿರಮಿರ ಮಿಂಚುತ್ತಿತ್ತು. ಒರೆಸಿ ನೋಡಿದೆ, ಉಹೂಂ. ಶೂ ಮೇಲಿನ ಲೈನಿಂಗ್ ಒಮ್ಮೆ ಗ್ರೀಸ್ ಕುಡಿದರೆ ಮುಗೀತು, ಶೂ ಬದಲಿಸಬೇಕು. ಎಷ್ಟೋ ಜನ ಡ್ರಮ್ಮನ್ನು ಸುಮ್ನೆ ಬೈಯುತ್ತಾರೆ, ತಪ್ಪು ಇಂಥದ್ದೇ ಇರುತ್ತದೆ. ಕರೆಂಟ್ ಬಂದಾಗ ಶೂ ಒತ್ತಿಸುವ ಮ್ಯಾಗ್ನೆಟ್ ಸವೆದಿದೆಯಾ, ವೈರ್ ಕಿತ್ತಿದೆಯಾ ಅಂತಲೂ ನೋಡಿ.

ಆಮೇಲೆ ಗೇನ್, ಅಂದರೆ ಟ್ರೇಲರ್ ಬ್ರೇಕ್ ಎಷ್ಟು ಜೋರಾಗಿ ಹಿಡಿಯಬೇಕು ಅನ್ನುವ ಕಂಟ್ರೋಲರಿನ ಸೆಟ್ಟಿಂಗ್. ಖಾಲಿ ಜಾಗದಲ್ಲಿ ಗಂಟೆಗೆ 25 ಮೈಲಿ ವೇಗದಲ್ಲಿ ಹೋಗುತ್ತಾ, ಬ್ರೇಕ್ ಪೆಡಲ್ ಮುಟ್ಟದೆ ಕಂಟ್ರೋಲರಿನ ಕೈಲಿವರ್ ಮಾತ್ರ ಒತ್ತಿ. ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದ ಹಾಗೆ ಆಗಬೇಕು. ಟ್ರೇಲರ್ ಚಕ್ರ ಲಾಕ್ ಆದರೆ ಗೇನ್ ಸ್ವಲ್ಪ ಇಳಿಸಿ.

ಇಳಿಜಾರಿನಲ್ಲಿ ಮಾತ್ರ ಬ್ರೇಕನ್ನೇ ನಂಬಬೇಡಿ. ಆಗುಂಬೆ ಘಾಟಿಯಲ್ಲಿ ಬಸ್ ಡ್ರೈವರ್ ಲೋ ಗೇರಿನಲ್ಲೇ ಇಳಿಸುತ್ತಾರಲ್ವಾ, ಹಾಗೆ. ವಾರವಾರ ಬೆಟ್ಟ ಹತ್ತುವವರಾದರೆ, ಈ ಶೂ ಸವೆದ ಮೇಲೆ ಡಿಸ್ಕ್ ವಿಷಯ ಮಾತಾಡೋಣ. ಶನಿವಾರ ಟ್ರೇಲರ್ ತನ್ನಿ, ಒಂದು ಚಕ್ರ ನಾವೇ ಬಿಚ್ಚೋಣ. ಜಾಕ್ ನನ್ನ ಹತ್ತಿರ ಇದೆ.