ಹಾಯಿದೋಣಿಯ ತಳದ ಬಿರುಕಿಗೆ ಪುಟ್ಟಿ ಸಾಕೇ?

ಮುನಿರಾಬಾದಿನಲ್ಲಿ ಕೊಂಡ ಹಳೆ ಫೈಬರ್ ಹಾಯಿದೋಣಿಯ ತಳದ ಬಿರುಕಿಗೆ ಪುಟ್ಟಿ ಮೆತ್ತಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ತಳ ಬಾಗಿದಾಗಲೆಲ್ಲ ಅದು ಮತ್ತೆ ಸೀಳುತ್ತದೆ.

ಮೊದಲು ಸುತ್ತಲೂ ನಾಣ್ಯದಿಂದ ತಟ್ಟಿ ನೋಡಿ. ಟಣ್ ಎನ್ನದೆ ಡಬ್ ಎಂದಲ್ಲಿ ಪದರ ಬಿಟ್ಟಿದೆ. ಅಷ್ಟನ್ನೂ ಗ್ರೈಂಡರ್‌ನಿಂದ ತೆಗೆದು, ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರು ಮಾಡಿ: 5 ಮಿ.ಮೀ. ದಪ್ಪವಿದ್ದರೆ ಪ್ರತಿ ಬದಿಗೆ 6 ಸೆಂ.ಮೀ. (ಮಾಸ್ಕ್ ಇಲ್ಲದೆ ಬೇಡವೇ ಬೇಡ.) ಒಣಗಿಸಿ, ಅಸಿಟೋನ್‌ನಿಂದ ಒರೆಸಿ, ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ (ಗಾಜಿನ ನಾರಿನ ಹಾಸು) ಪದರಗಳನ್ನು ಪಾಲಿಯೆಸ್ಟರ್ ರಾಳದಲ್ಲಿ ಕೂರಿಸಿ. ಮ್ಯಾಟ್ ತೂಕದ ಎರಡೂವರೆ ಪಟ್ಟು ರಾಳ ಸಾಕು.

ಕೊಪ್ಪಳದ ಏಪ್ರಿಲ್ ಬಿಸಿಲಲ್ಲಿ ಹಾರ್ಡನರ್ (ರಾಳವನ್ನು ಗಟ್ಟಿಮಾಡುವ ದ್ರವ) ರಾಳದ ಶೇ. 2 ಹಾಕಿದರೆ ಅದು ಡಬ್ಬದಲ್ಲೇ ಗಟ್ಟಿಯಾದೀತು, ಶೇ. 1 ಹಾಕಿ, ಬೆಳಗ್ಗೆ ನೆರಳಲ್ಲಿ ಮುಗಿಸಿ. ಕೋಬಾಲ್ಟ್ (ರಾಳ ಬೇಗ ಗಟ್ಟಿಯಾಗಿಸುವ ದ್ರಾವಣ) ಪ್ರತ್ಯೇಕವಾಗಿ ಕೊಟ್ಟಿದ್ದರೆ ಮೊದಲೇ ರಾಳಕ್ಕೆ ಕಲಸಿ. ನೇರ ಹಾರ್ಡನರ್‌ಗೆ ಸುರಿದರೆ ಸ್ಫೋಟಿಸಬಹುದು.