ಕೇಳದೆ ಕೊಟ್ಟ ಕಾಲುಗಳು

ನನ್ನ ಬಳಿ ಸಲಹೆ ಕೇಳಿ ಬಂದ ಒಬ್ಬ ಅಕ್ಕ, ಅವರ ತಮ್ಮ ಇಬ್ಬರೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಅಕ್ಕನಿಗೆ 27 ವರ್ಷ. ಮೆಚ್ಚಿನ ಧಾರಾವಾಹಿಯ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿ ಕಥೆ ಬರೆಯುವುದು ಅವರ ಹಳೆಯ ಹವ್ಯಾಸ. ಮೂರು ವರ್ಷಗಳ ಹಿಂದೆ ಅಪಘಾತದಲ್ಲಿ ತಮ್ಮನ ಬೆನ್ನುಹುರಿಗೆ ಪೆಟ್ಟಾಗಿ, ಅಂದಿನಿಂದ ಅವನು ವೀಲ್‌ಚೇರ್ ಬಳಸುತ್ತಾನೆ. ಅಕ್ಕನ ಹೊಸ ಕಥೆಯ ನಾಯಕನೂ ಹಾಗೆಯೇ. ಒಂದು ರಾತ್ರಿ ಅವನು ನಿದ್ರೆಯಲ್ಲಿದ್ದಾಗ ಪ್ರೀತಿಸಿದವಳು ಮಂತ್ರಶಕ್ತಿಯಿಂದ ಅವನ ಬೆನ್ನನ್ನು ಸರಿಪಡಿಸುತ್ತಾಳೆ. ಬೆಳಗ್ಗೆ ಕುರ್ಚಿ ಮಾಯ, ಅವನು ಎದ್ದು ನಡೆಯುತ್ತಾನೆ. ಓದಿದವರೆಲ್ಲ ಕಣ್ಣೀರಿಟ್ಟು ಮೆಚ್ಚಿದರು. ತಮ್ಮ ಮಾತ್ರ, "ಅವನನ್ನು ಒಂದು ಮಾತು ಕೇಳಬೇಕಿತ್ತಲ್ಲವೇ ಅಕ್ಕಾ?" ಎಂದು ಕೋಣೆಗೆ ಹೋಗಿಬಿಟ್ಟ.

"ನಡೆಯಲಿ ಎಂದು ಬಯಸಿದ್ದು ತಪ್ಪೇ?" ಎಂದು ಅಕ್ಕ ನನ್ನೆದುರು ಅತ್ತರು.

ಬಯಕೆ ತಪ್ಪಲ್ಲ ಎಂದೆ. ಆಮೇಲೆ ಆ ಬೆಳಗಿನ ಭಾಗವನ್ನು ಗಟ್ಟಿಯಾಗಿ ಓದಿಸಿದೆ. "ಕುರ್ಚಿ ಇದ್ದ ಜಾಗ ಬರಿದಾಗಿತ್ತು" ಎಂಬಲ್ಲಿ ಅವರ ದನಿ ನಿಂತಿತು. ರಾತ್ರಿ ಓಡಾಡಲು ಅಡ್ಡವಾಗುತ್ತದೆ ಎಂದು ತಮ್ಮನ ಕುರ್ಚಿಯನ್ನು ದಿನವೂ ಗೋಡೆಯ ಬದಿಗೆ ಸರಿಸಿಡುತ್ತಿದ್ದವರು ಅವರೇ. ಅದು ಕೈಗೆಟುಕದಿದ್ದರೆ ಅವನು ನೀರು ಕುಡಿಯಲೂ ಯಾರನ್ನಾದರೂ ಕೂಗಬೇಕು. ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ.

ಅಂಗವಿಕಲರ ಹಕ್ಕುಗಳ ಕುರಿತು ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆಯ 25ನೇ ವಿಧಿ, ಅರಿತು, ಒತ್ತಾಯವಿಲ್ಲದೆ ಕೊಟ್ಟ ಒಪ್ಪಿಗೆಯ ಮೇಲೆ ಚಿಕಿತ್ಸೆ ನಡೆಯಬೇಕು ಎನ್ನುತ್ತದೆ. ಕಥೆಗೆ ಅದು ಕಟ್ಟಳೆಯಲ್ಲ, ನಿಜ. ಆದರೆ ಮಲಗಿದವನ ಮೈಯನ್ನು ಅವನಿಗೆ ತಿಳಿಯದಂತೆ ಬದಲಿಸುವುದೇ ಪ್ರೀತಿ ಎಂದು ಬರೆದರೆ, ಅಂಥ ಮೈಯಲ್ಲಿ ಬದುಕುವವರ ಎದೆ ನಡುಗುತ್ತದೆ. ಬ್ಯಾಟ್‌ಮನ್ ಕಾಮಿಕ್ಸ್‌ನ ಬಾರ್ಬರಾ ಗಾರ್ಡನ್ 1988ರಲ್ಲಿ ಗುಂಡೇಟಿನಿಂದ ನಡಿಗೆ ಕಳೆದುಕೊಂಡು, ವೀಲ್‌ಚೇರ್‌ನಲ್ಲೇ ಎರಡು ದಶಕ ಮೆರೆದ ಪಾತ್ರ. 2011ರಲ್ಲಿ ಅವಳನ್ನು ಮತ್ತೆ ನಡೆಸಿದಾಗ ಅಂಗವಿಕಲ ಓದುಗರಲ್ಲಿ ಹಲವರು ತಮ್ಮವಳೊಬ್ಬಳನ್ನು ಕಳೆದುಕೊಂಡಂತೆ ನೊಂದರು. ಇದನ್ನು ಅಕ್ಕನಿಗೆ ಹೇಳಿದೆ.

ಕಥೆಯನ್ನು ಅಳಿಸಬೇಡಿ, ಅದರಲ್ಲಿ ನಿಮ್ಮ ದುಃಖವಿದೆ ಎಂದೆ. ಗುಣವಾಗುವ ಕಥೆ ಎಂಬ ಸೂಚನೆಯನ್ನು ಆರಂಭದಲ್ಲೇ ಕೊಡಿ. ಇನ್ನೊಮ್ಮೆ ಬರೆಯುವುದಾದರೆ ನಾಯಕನನ್ನು ಎಬ್ಬಿಸಿ, ಅವಳಿಂದ ಕೇಳಿಸಿ. ಅವನು ಬೇಡ ಎಂದರೂ ಅವಳು ಅವನ ಪಕ್ಕದಲ್ಲೇ ಉಳಿಯುವಂತಿರಬೇಕು. ಬೇಕು ಎಂದರೆ ಅದೂ ಸರಿಯೇ. ಗುಣವಾಗಬೇಕೆಂದು ಹಂಬಲಿಸುವ ಎಷ್ಟೋ ಜನರನ್ನು ನಾನು ಕಂಡಿದ್ದೇನೆ, ಅವರ ಆಸೆಯನ್ನು ಹಗುರವಾಗಿ ಕಾಣಲಾರೆ. ಓದಿ ಅಭಿಪ್ರಾಯ ಹೇಳು ಎಂದು ತಮ್ಮನ ಬೆನ್ನು ಹತ್ತಬೇಡಿ. ಕ್ಷಮೆ ಕೇಳುವುದಿದ್ದರೆ ಮೊದಲು ಕುರ್ಚಿಯ ವಿಷಯಕ್ಕೆ ಕೇಳಿ.

ಮೂರು ವಾರಗಳ ನಂತರ ಮತ್ತೆ ಬಂದರು. ಕುರ್ಚಿ ಈಗ ಹಾಸಿಗೆಗೆ ತಾಗಿಯೇ ಇರುತ್ತದೆಯಂತೆ. ಹೊಸ ಕಥೆಯಲ್ಲಿ ಅವಳು ಕೇಳುತ್ತಾಳೆ, ಅವನು "ಯೋಚಿಸಬೇಕು" ಎನ್ನುತ್ತಾನೆ. ಮುಂದಿನದನ್ನು ಇನ್ನೂ ಬರೆದಿಲ್ಲ. ತಮ್ಮ ತಾನಾಗಿಯೇ ಕೇಳಿ ಪಡೆದು ಓದಿ, "ಹಾಸಿಗೆಯಿಂದ ಕುರ್ಚಿಗೆ ಬರುವ ಮುಂಚೆ ಬ್ರೇಕ್ ಹಾಕಬೇಕು ಅಕ್ಕಾ, ಅದನ್ನು ಬಿಟ್ಟಿದ್ದೀಯ" ಎಂದನಂತೆ.